ಲಾಂಗ್ ಬೀಚಿನಿಂದ ಅಕ್ಕನಿಗೆ

ಲಾಂಗ್ ಬೀಚ್, ಕ್ಯಾಲಿಫೋರ್ನಿಯಾ
ನವೆಂಬರ್, ಭಾನುವಾರ

ಪ್ರೀತಿಯ ಅಕ್ಕ,

ನಿನ್ನ ಹೈಸ್ಕೂಲಿನ ಮಕ್ಕಳು ಎಸ್ಸೆಸ್ಸೆಲ್ಸಿ ಮುಗಿಸಿ ಎತ್ತ ಹೋಗುತ್ತಾರೋ ಎಂಬ ಚಿಂತೆ ನಿನ್ನನ್ನು ಬಿಟ್ಟದ್ದಿಲ್ಲ. ಅದಕ್ಕೇ ಈ ಸಲ ಸಮುದ್ರ, ಬಂದರು, ಕ್ವೀನ್ ಮೇರಿ ಹಡಗು ಎಲ್ಲವನ್ನೂ ಬದಿಗಿಟ್ಟು ಇಲ್ಲಿನ ಸರ್ಕಾರಿ ಶಾಲೆಗಳ ಬಗ್ಗೆಯೇ ಬರೆಯುತ್ತೇನೆ. ಅವನ್ನು ನೋಡಿದಷ್ಟೂ ಹೊತ್ತು ನೀನೇ ನೆನಪಾಗುತ್ತಿದ್ದೆ.

ಲಾಸ್ ಏಂಜಲೀಸಿನಲ್ಲಿ ಎ ಲೈನ್ ರೈಲು ಹತ್ತಿದರೆ ದಕ್ಷಿಣದ ಕೊನೆಯ ನಿಲ್ದಾಣ ಈ ಊರು. ಅನಹೈಮ್ ಸ್ಟ್ರೀಟಿನಲ್ಲಿ ನಡೆದರೆ ಅಂಗಡಿಗಳ ಬೋರ್ಡುಗಳು ಕಾಂಬೋಡಿಯದ ಖ್ಮೇರ್ ಲಿಪಿಯಲ್ಲಿವೆ, ಪಕ್ಕದಲ್ಲೇ ಮೆಕ್ಸಿಕನ್ ಬೇಕರಿ. ಆ ರಸ್ತೆಯ ಒಂದು ಭಾಗಕ್ಕೆ 2007ರಲ್ಲಿ ‘ಕಾಂಬೋಡಿಯಾ ಟೌನ್’ ಎಂದು ಅಧಿಕೃತವಾಗಿ ಹೆಸರಿಟ್ಟರು. ಕಾಂಬೋಡಿಯದವರು ಇಲ್ಲಿಗೇ ಯಾಕೆ ಬಂದರು ಗೊತ್ತೇ? 1950–60ರ ದಶಕಗಳಲ್ಲಿ ಅಲ್ಲಿಂದ ಒಂದಷ್ಟು ವಿದ್ಯಾರ್ಥಿಗಳು ಇಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಕ್ಕೆ, ಅಂದರೆ ಕ್ಯಾಲ್ ಸ್ಟೇಟ್ ಲಾಂಗ್ ಬೀಚಿಗೆ, ಓದಲು ಬಂದಿದ್ದರು. ಮುಂದೆ ಖ್ಮೇರ್ ರೂಜ್ ಆಡಳಿತದ ಕಾಲದ ನರಕದಿಂದ ತಪ್ಪಿಸಿಕೊಂಡು ಬಂದ ನಿರಾಶ್ರಿತರಿಗೆ ಆಸರೆಯಾದದ್ದು ಆ ಹಳೇ ವಿದ್ಯಾರ್ಥಿಗಳೇ. ಒಂದು ಜನಸಮುದಾಯ ನೆಲೆಯೂರಿದ್ದು ಕಾಲೇಜಿನ ನೆಂಟಸ್ತಿಕೆಯಿಂದ!

ಇಲ್ಲಿನ ಶಾಲಾ ಜಿಲ್ಲೆ, ಲಾಂಗ್ ಬೀಚ್ ಯುನಿಫೈಡ್, ಅರವತ್ತು ಸಾವಿರಕ್ಕೂ ಹೆಚ್ಚು ಮಕ್ಕಳದ್ದು. ಅರ್ಧಕ್ಕಿಂತ ಹೆಚ್ಚು ಮಂದಿ ಲ್ಯಾಟಿನೋಗಳು. ಉಳಿದವರಲ್ಲಿ ಕಪ್ಪು ಜನ, ಬಿಳಿಯರು, ಖ್ಮೇರ್, ಫಿಲಿಪಿನೋ, ಸಮೋವನ್ ಮಕ್ಕಳಿದ್ದಾರೆ. ಹೆಚ್ಚಿನವು ಬಡ ಮನೆಗಳು. ಎಷ್ಟೋ ಮಕ್ಕಳ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರೇ ಇಲ್ಲ.

2008ರಲ್ಲಿ ಮೂರು ಸಂಸ್ಥೆಗಳು ಸೇರಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು: ಈ ಶಾಲಾ ಜಿಲ್ಲೆ, ಎರಡು ವರ್ಷದ ಲಾಂಗ್ ಬೀಚ್ ಸಿಟಿ ಕಾಲೇಜು ಮತ್ತು ಕ್ಯಾಲ್ ಸ್ಟೇಟ್. ಅದನ್ನು ‘ಕಾಲೇಜ್ ಪ್ರಾಮಿಸ್’ ಎನ್ನುತ್ತಾರೆ. ಇಲ್ಲಿ ಓದಿ ಕನಿಷ್ಠ ಅರ್ಹತೆ ಪಡೆದ ಮಗುವಿಗೆ ಕ್ಯಾಲ್ ಸ್ಟೇಟಿನಲ್ಲಿ ಸೀಟಿನ ಭರವಸೆ ಇದೆ. (ಬಯಸಿದ ವಿಷಯವೇ ಸಿಗುತ್ತದೆಂದಲ್ಲ, ನರ್ಸಿಂಗಿನಂಥವಕ್ಕೆ ಪೈಪೋಟಿ ಇದ್ದೇ ಇದೆ.) ವರ್ಷಕ್ಕೆ ಲಕ್ಷ ದಾಟಿ ಅರ್ಜಿ ಬರುವ ಕ್ಯಾಂಪಸ್ಸಿನಲ್ಲಿ ಊರಿನ ಮಗುವಿಗೆ ಹೀಗೊಂದು ಮಾತು ಸಿಗುವುದು ಸಣ್ಣದಲ್ಲ. ಸಿಟಿ ಕಾಲೇಜಿನಲ್ಲಿ ಮೊದಲು ಒಂದು ಸೆಮಿಸ್ಟರಿನ ಶುಲ್ಕ ಮಾಫಿಯಾಗಿತ್ತು, ಆಮೇಲೆ ಒಂದು ವರ್ಷದ್ದು, ಈಗ ಎರಡು ವರ್ಷದ್ದು.

ನಾಲ್ಕನೇ ಕ್ಲಾಸಿನ ಮಕ್ಕಳನ್ನು ಸಿಟಿ ಕಾಲೇಜಿಗೆ, ಐದನೆಯವರನ್ನು ಕ್ಯಾಲ್ ಸ್ಟೇಟಿಗೆ ಕರೆದೊಯ್ದು ತೋರಿಸುತ್ತಾರೆ. ನಾನು ಕ್ಯಾಲ್ ಸ್ಟೇಟಿನಲ್ಲಿದ್ದ ದಿನ ಅಂಥದೊಂದು ತಂಡ ಬಂದಿತ್ತು. ಆಟದ ಒಳಾಂಗಣವಾಗಿರುವ ದೊಡ್ಡ ನೀಲಿ ಪಿರಮಿಡ್ಡಿನ ಮುಂದೆ ಎಲ್ಲ ಕತ್ತೆತ್ತಿ ನಿಂತಿದ್ದವು. ಸುತ್ತಾಡಿಸುತ್ತಿದ್ದ ಹುಡುಗಿ ಅಲ್ಲಿಯದೇ ವಿದ್ಯಾರ್ಥಿನಿ, ಇದೇ ಊರಿನ ಸರ್ಕಾರಿ ಶಾಲೆಯಲ್ಲಿ ಓದಿದವಳು. ತನ್ನ ಶಾಲೆಯ ಹೆಸರು ಹೇಳಿದ್ದೇ ತಡ, “ನಮ್ಮದೂ ಅದೇ!” ಎಂದು ಮೂರ್ನಾಲ್ಕು ಮಕ್ಕಳು ಕೂಗಿದವು. ಒಬ್ಬ ಪುಟ್ಟ ಹುಡುಗ ಅವಳ ಹತ್ತಿರ ಬಂದು, “ಇಲ್ಲಿಗೆ ಸೇರೋಕೆ ಯಾರನ್ನ ಕೇಳಬೇಕು?” ಎಂದ. ಅವಳು ಅವನೆದುರು ಕುಳಿತು, ಯಾವ ಕ್ಲಾಸಿನಲ್ಲಿ ಏನು ಓದಬೇಕು ಎಂದು ಬೆರಳು ಮಡಿಸುತ್ತ ಹೇಳಿದಳು. ಹತ್ತು ವರ್ಷದ ಮಗುವಿಗೆ ಅಷ್ಟು ಗಂಭೀರವಾದ ಉತ್ತರ!

ಆದರೆ ಅಕ್ಕ, ನಿಜವಾದ ಕೆಲಸ ನಡೆಯುವುದು ಟೈಮ್‌ಟೇಬಲಿನಲ್ಲಿ. ಕ್ಯಾಲಿಫೋರ್ನಿಯಾದ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಸೇರಲು ಹೈಸ್ಕೂಲಿನಲ್ಲಿ ‘ಎ–ಜಿ’ ಎಂಬ 15 ಕೋರ್ಸುಗಳಾಗಬೇಕು: ಇಂಗ್ಲಿಷ್ 4 ವರ್ಷ, ಗಣಿತ 3, ವಿಜ್ಞಾನ 2, ಇತಿಹಾಸ 2, ಇನ್ನೊಂದು ಭಾಷೆ 2, ಕಲೆ 1, ಐಚ್ಛಿಕ 1. ಹೈಸ್ಕೂಲು ಪಾಸಾಗಲು ರಾಜ್ಯ ವಿಧಿಸಿದ ಕನಿಷ್ಠವಾದರೋ ಇದಕ್ಕಿಂತ ಕಡಿಮೆ, ಗಣಿತ ಎರಡೇ ವರ್ಷ ಸಾಕು. ಅಷ್ಟೇ ಅಲ್ಲ, ಡಿ ಗ್ರೇಡು ಬಂದರೂ ಹೈಸ್ಕೂಲು ಪಾಸು, ವಿಶ್ವವಿದ್ಯಾಲಯಕ್ಕೆ ಮಾತ್ರ ಸಿ ಬೇಕು. ಹಾಗಾಗಿ ಸರ್ಟಿಫಿಕೇಟು ಹಿಡಿದು ಫೋಟೊ ತೆಗೆಸಿಕೊಂಡ ಮಗುವಿಗೇ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿರಬಹುದು. ಓದಿದ ಮನೆಯವರಿಗೆ ಇದು ಒಂಬತ್ತನೇ ಕ್ಲಾಸಿನಲ್ಲೇ ಗೊತ್ತಿರುತ್ತದೆ. ಓದದ ಮನೆಗೆ ಗೊತ್ತಾಗುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ನಮ್ಮಲ್ಲಿ ಪಿಯುಸಿಯಲ್ಲಿ ಗಣಿತ ಬಿಟ್ಟ ಹುಡುಗಿಯೊಬ್ಬಳು ತನಗೆ ಎಂಜಿನಿಯರಿಂಗ್ ಇಲ್ಲವೆಂದು ಸಿಇಟಿ ಅರ್ಜಿ ತುಂಬುವಾಗ ತಿಳಿದು ನಿನ್ನ ಮುಂದೆ ಅತ್ತಿದ್ದಳಲ್ಲ, ಅದೇ ಸಂಕಟ ಇದು. ಅದಕ್ಕೇ ಇಲ್ಲಿನ ಕೌನ್ಸೆಲರುಗಳು ಪ್ರತಿ ಮಗುವಿನ ಕೋರ್ಸುಗಳ ಪಟ್ಟಿ ಹಿಡಿದು, ಎಲ್ಲಿ ಡಿ ಬಿತ್ತು, ಅದನ್ನು ಬೇಸಿಗೆಯಲ್ಲಿ ಮತ್ತೆ ಓದಿ ಸರಿಪಡಿಸಬಹುದೇ ಎಂದು ನೋಡುತ್ತಾರೆ. ಶಾಲೆಗಳಲ್ಲಿ ನೇತುಹಾಕುವ ಬಣ್ಣಬಣ್ಣದ ಕಾಲೇಜು ಬಾವುಟಗಳಿಗಿಂತ ನನಗೆ ಈ ಲೆಕ್ಕಾಚಾರವೇ ದೊಡ್ಡದಾಗಿ ಕಂಡಿತು.

ಮೊನ್ನೆ ಸಂಜೆ ಒಂದು ಹೈಸ್ಕೂಲಿನ ಊಟದ ಹಾಲಿನಲ್ಲಿ ಹಣಕಾಸು ನೆರವಿನ ಅರ್ಜಿ ತುಂಬಿಸುತ್ತಿದ್ದರು. ನನಗೆ ಮನೆ ಕೊಟ್ಟ ಗೆಳತಿ ಅಲ್ಲಿ ಸಹಾಯಕ್ಕೆ ಹೋಗುತ್ತಾಳೆ, ನಾನೂ ಜೊತೆಗಿದ್ದೆ. ಈಗ ಹೈಸ್ಕೂಲಿನ ಕೊನೆಯ ವರ್ಷದವರೆಲ್ಲ ‘ಫ್ಯಾಫ್ಸಾ’ ಎಂಬ ಕೇಂದ್ರದ ಅರ್ಜಿಯನ್ನೋ, ವಲಸೆಯ ಕಾಗದಪತ್ರ ಇಲ್ಲದವರು ರಾಜ್ಯದ ‘ಡ್ರೀಮ್ ಆ್ಯಕ್ಟ್’ ಅರ್ಜಿಯನ್ನೋ ತುಂಬಬೇಕೆಂದು ರಾಜ್ಯದ ಕಾನೂನಿದೆ, ಬೇಡವೆನ್ನುವ ಮನೆಯವರಿಗೆ ವಿನಾಯಿತಿಯೂ ಇದೆ. ಕೆಲಸದ ಸಮವಸ್ತ್ರದಲ್ಲೇ ಬಂದಿದ್ದ ಒಬ್ಬ ತಾಯಿ ತೆರಿಗೆ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ಮೇಜಿನ ಮೇಲೆ ಜೋಡಿಸಿದಳು. ಮಗಳು ಪ್ರತಿ ಪ್ರಶ್ನೆಯನ್ನೂ ಸ್ಪ್ಯಾನಿಷಿನಲ್ಲಿ ಹೇಳುತ್ತ, ಉತ್ತರ ಕೇಳಿ ಟೈಪು ಮಾಡುತ್ತಿದ್ದಳು. ವಿಳಾಸ ಬರೆಯುವ ಕಡೆ ತಾಯಿಯ ಕೈ ಮಗಳ ಕೈಯನ್ನು ತಡೆಯಿತು. ಈ ವಿವರವೆಲ್ಲ ಯಾರ ಕೈ ಸೇರುತ್ತದೋ ಎಂಬ ಭಯ. ಕೌನ್ಸೆಲರ್ ಬಂದು ಪಕ್ಕದಲ್ಲಿ ಕೂತು, ಅವಸರ ಮಾಡದೆ ತುಂಬಾ ಹೊತ್ತು ಮಾತಾಡಿದರು. ಅಕ್ಕ, ಮಗುವನ್ನು ಕಾಲೇಜಿಗೆ ಅಣಿಮಾಡುವುದೆಂದರೆ ಮನೆಯ ಭಯದ ಜೊತೆ ಹೀಗೆ ಕೂರುವುದೂ ಹೌದು.

ಇನ್ನೊಂದು ವಿಷಯ ನಿನಗೆ ಖಂಡಿತ ಹಿಡಿಸುತ್ತದೆ. ಸಿಟಿ ಕಾಲೇಜು ಸೇರುವಾಗ ಇಂಗ್ಲಿಷ್, ಗಣಿತದ ಒಂದು ಪರೀಕ್ಷೆ ಇಡುತ್ತಿದ್ದರು. ಅದರಲ್ಲಿ ಎಡವಿದವರನ್ನು ಡಿಗ್ರಿಗೆ ಲೆಕ್ಕವಾಗದ ತಳಪಾಯದ ಕ್ಲಾಸುಗಳಿಗೆ ಹಾಕುತ್ತಿದ್ದರು. ಅಲ್ಲೇ ಸೆಮಿಸ್ಟರುಗಟ್ಟಲೆ ಸಿಕ್ಕಿಕೊಂಡು ಬೇಸತ್ತು ಎಷ್ಟೋ ಮಂದಿ ಓದನ್ನೇ ಬಿಡುತ್ತಿದ್ದರು. ಒಂದು ದಿನದ ಪರೀಕ್ಷೆಗಿಂತ ಹೈಸ್ಕೂಲಿನ ನಾಲ್ಕು ವರ್ಷದ ಗ್ರೇಡುಗಳೇ ಮಗುವಿನ ಶಕ್ತಿಯನ್ನು ಸರಿಯಾಗಿ ಹೇಳುತ್ತವೆ ಎಂದು ಕಾಲೇಜಿನವರು ಶಾಲಾ ಜಿಲ್ಲೆಯ ದಾಖಲೆಗಳನ್ನು ಕೂಡಿಸಿ ನೋಡಿ ಕಂಡುಕೊಂಡರು. 2012ರಿಂದ ಆ ಗ್ರೇಡುಗಳ ಮೇಲೆ ನೇರ ಡಿಗ್ರಿ ಮಟ್ಟದ ಕ್ಲಾಸಿಗೆ ಸೇರಿಸತೊಡಗಿದರು. 2017ರಲ್ಲಿ ಇಡೀ ರಾಜ್ಯಕ್ಕೇ ಇಂಥದೊಂದು ಕಾಯ್ದೆ ಬಂತು. ಮೇಷ್ಟ್ರು ವರ್ಷವಿಡೀ ಕೊಟ್ಟ ಅಂಕಕ್ಕೆ ಕಾಲೇಜು ಬೆಲೆ ಕೊಟ್ಟಿದೆ ನೋಡು. ಶಾಲೆಯೂ ಕಾಲೇಜೂ ಒಂದೇ ಮೇಜಿಗೆ ಕೂತದ್ದರ ಫಲ ಇದು.

ಎಲ್ಲವೂ ಸರಿಹೋಗಿದೆ ಎಂದು ಮಾತ್ರ ತಿಳಿಯಬೇಡ. ಶುಲ್ಕ ಮಾಫಿಯಾದರೂ ಇಲ್ಲಿನ ಮನೆ ಬಾಡಿಗೆ ಮಾಫಿಯಾಗುವುದಿಲ್ಲ. ಸಂಜೆ ಗೋದಾಮಿನಲ್ಲೋ ಹೋಟೆಲಿನಲ್ಲೋ ದುಡಿದು ಬೆಳಿಗ್ಗೆ ಕ್ಲಾಸಿಗೆ ಬರುವವರು ಬಹಳ. ಎರಡು ವರ್ಷದ ಓದು ನಾಲ್ಕಕ್ಕೆ ಎಳೆಯುತ್ತದೆ, ನಡುವೆ ಕೈಬಿಡುವವರೂ ಇದ್ದಾರೆ. ಎ–ಜಿ ಮುಗಿಸುವುದರಲ್ಲಿ ಕಪ್ಪು ಮತ್ತು ಲ್ಯಾಟಿನೋ ಮಕ್ಕಳು ಇನ್ನೂ ಹಿಂದಿದ್ದಾರೆ. ಬಾಗಿಲವರೆಗೆ ಕೈಹಿಡಿದು ತಂದವರು ಒಳಗೂ ಜೊತೆ ನಡೆಯಬೇಕಿತ್ತು ಎಂದು ನನಗೆ ಬಲವಾಗಿ ಅನಿಸಿತು.

ಗುರುವಾರ ಸಿಟಿ ಕಾಲೇಜಿಗೆ ಹೋಗುತ್ತಿದ್ದೇನೆ. ಮಧ್ಯೆ ಬಿಟ್ಟುಹೋದವರನ್ನು ಮತ್ತೆ ಹುಡುಕಿ ತರಲು ಏನು ಮಾಡುತ್ತಾರೆ ಎಂದು ಕೇಳುವವಳಿದ್ದೇನೆ. ಒಂಬತ್ತರಿಂದ ಹನ್ನೆರಡನೇ ಕ್ಲಾಸಿನವರೆಗಿನ ಕೋರ್ಸುಗಳ ಯೋಜನೆಯನ್ನು ಮಗುವೇ ಬರೆದಿಡುವ ಹಾಳೆಯೊಂದರ ಫೋಟೊ ಕಳಿಸಿದ್ದೇನೆ, ನಿನ್ನ ಎಂಟನೇ ಕ್ಲಾಸಿನವರಿಗೆ ತೋರಿಸು. ನೀನು ಕೇಳಬೇಕೆಂದಿರುವುದನ್ನು ಬುಧವಾರದೊಳಗೆ ವಾಟ್ಸಾಪ್ ಮಾಡು. ಅಮ್ಮನಿಗೆ ನಮಸ್ಕಾರ.

ನಿನ್ನ ಪ್ರೀತಿಯ
ತಂಗಿ