ಛಾವಣಿ ತೆಗೆಸುವ ಮುನ್ನ

ಗೃಹಸ್ಥನಿಗೆ ಆರಂಭೀ ಹಿಂಸೆ ಪೂರ್ತಿಯಾಗಿ ತಪ್ಪಿದ್ದಲ್ಲ. ಒಲೆ ಹೊತ್ತಿಸುವುದು, ಬೀಸುವುದು, ಗುಡಿಸುವುದು, ಮನೆ ಕಟ್ಟಿಸುವುದು, ಕೆಡವಿಸುವುದು ಎಲ್ಲವೂ ಆರಂಭಗಳೇ. ಆದುದರಿಂದಲೇ ಶ್ರಾವಕನಿಗೆ ಸಂಕಲ್ಪೀ ಹಿಂಸೆಯ ತ್ಯಾಗವನ್ನೂ ಉಳಿದುದರಲ್ಲಿ ಯತ್ನಾಚಾರವನ್ನೂ ವಿಧಿಸಲಾಗಿದೆ. ಆದರೆ ಆ ಯತ್ನಾಚಾರದ ಖರ್ಚನ್ನು ಯಾರು ಹೊರಬೇಕು? ಮನೆಯ ಹಳೆಯ ಛಾವಣಿಯೊಂದನ್ನು ತೆಗೆಸುವ ಪ್ರಸಂಗದಲ್ಲಿ ಈ ಪ್ರಶ್ನೆ ಎದುರಾಯಿತು.

ಬೆಳವಣಕಿಯಂಥ ಎರೆಭೂಮಿಯ ಊರುಗಳ ಹಳೆಯ ಮನೆಗಳು ಮಣ್ಣಿನ ಮಾಳಿಗೆಯವು. ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಹಲಗೆ, ಅದರ ಮೇಲೆ ಮಣ್ಣಿನ ಮೇಲ್ಮುದ್ದೆ. ಬೇಸಗೆಯಲ್ಲಿ ತಂಪು, ಆದರೆ ಮಣ್ಣು ಉದುರುತ್ತದೆ, ಹೊಗೆಗೆ ಜಂತೆ ಕಪ್ಪಾಗುತ್ತದೆ. ಇದನ್ನು ಮರೆಮಾಡಲು ನಮ್ಮ ತೀರ್ಥರೂಪರು ಸುಮಾರು ಮೂವತ್ತೈದು ವರ್ಷಗಳ ಹಿಂದೆ ಪಡಸಾಲೆಗೆ ಪ್ಲಾಸ್ಟರ್ ಆಫ್ ಪ್ಯಾರಿಸಿನ ಫಾಲ್ಸ್ ಸೀಲಿಂಗ್ ಮಾಡಿಸಿದ್ದರು. ತುಂಬ ಅಲೆಗಳ ಉಬ್ಬುತಗ್ಗು, ಫ್ಯಾನಿನ ಸುತ್ತ ಒಂದು ಕಮಲ. ಬಸದಿಯ ನವರಂಗದ ಭುವನೇಶ್ವರಿಯಲ್ಲಿ ಕಮಲ ಕಲ್ಲಿನದು, ಅಂದಗೆಡದು. ನಮ್ಮದರ ಪ್ರತಿ ಉಬ್ಬಿನಲ್ಲಿಯೂ ಧೂಳು, ಜೇಡರ ಬಲೆ. ಜಿಪ್ಸಮ್ ಕಲ್ಲನ್ನು ಕಾಯಿಸಿ ಅದರೊಳಗಣ ನೀರಿನ ಮುಕ್ಕಾಲು ಪಾಲನ್ನು ಕಳೆದು ಮಾಡಿದ ಪುಡಿ ಅದು. ನೀರು ಬೆರೆಸಿದರೆ ಗಟ್ಟಿಯಾಗುತ್ತದೆ, ಸದಾ ತೇವ ತಗುಲಿದರೆ ಮೆತ್ತಗಾಗುತ್ತದೆ. ಮಾಳಿಗೆ ಸೋರಿ ಅದು ಜೋತುಬಿದ್ದಿತ್ತು. ಕೆಳಗೆ ಮೊಮ್ಮಕ್ಕಳು ಮಲಗುತ್ತಾರೆ; ತೆಗೆಸದೆ ಗತಿಯಿರಲಿಲ್ಲ.

ಜಂತೆಗೂ ಈ ಹೊದಿಕೆಗೂ ನಡುವೆ ಮೊಳದಷ್ಟು ಕತ್ತಲೆಯ ತೆರಪು. ಗುಬ್ಬಿ, ಹಲ್ಲಿ, ಕಣಜ, ಬಾವಲಿ ಅಲ್ಲಿ ಸಂಸಾರ ಹೂಡಿದ್ದವು. ಮೇಸ್ತ್ರಿ ನೋಡಿ, “ಸಾವ್ಕಾರ್ರ, ಮೊದಲ ಔಷಧ ಹೊಡದ ಬಿಡೂಣ್ರಿ. ಎಲ್ಲಾ ಸತ್ತ ಬೀಳ್ತಾವು, ಒಂದ ದಿನದಾಗ ಕೆಲಸ ಮುಗೀತೈತಿ” ಎಂದ. ಅವನ ದೃಷ್ಟಿಯಲ್ಲಿ ಅದು ಸರಿ. ನಮಗೆ ಮಾತ್ರ ಅದು ಆರಂಭೀ ಹಿಂಸೆಯಾಗಿ ಉಳಿಯದೆ ಸಂಕಲ್ಪಿಯೇ ಆಗುತ್ತಿತ್ತು. ಚಾತುರ್ಮಾಸ ಮುಗಿದು ಕಾರ್ತಿಕದ ಅಷ್ಟಾಹ್ನಿಕ ಕಳೆಯಲೆಂದು ಕಾದೆವು. ಸಂಜೆ ಬಾವಲಿಗಳು ಹೊರಬೀಳುವಂತೆ ಒಂದು ಮೂಲೆ ತೆರೆಸಿದಾಗ, ಆ ಚಳಿಯಲ್ಲೂ ಒಂದು ಗೂಡಿನಲ್ಲಿ ಗುಬ್ಬಿಯ ಮೊಟ್ಟೆಗಳಿದ್ದವು. ಮೊಟ್ಟೆಯಿಂದ ಮರಿ ಹಾರುವವರೆಗೆ ಸುಮಾರು ಒಂದು ತಿಂಗಳು ಬೇಕು. ಮನೆಯವರೆಲ್ಲ ಸಂತೋಷದಿಂದ ಒಪ್ಪಿದರು. ನೋಡಿದವರು ಜೀವದಯೆ ಎಂದು ಹೊಗಳಿದರು.

ಆದರೆ ಈ ಕೆಲಸವನ್ನು ನಂಬಿ ಬೇರೆ ಕೆಲಸ ಬಿಟ್ಟುಬಂದಿದ್ದ ಇಬ್ಬರು ಕೂಲಿಯವರಿದ್ದರು. ಗುಬ್ಬಿಗೆ ಅಭಯವಿತ್ತವರು ನಾವು, ದಂಡ ತೆರಬೇಕಾದವರು ಅವರು! ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳಿವೆ. ಅವುಗಳಲ್ಲಿ ಅತಿಭಾರಾರೋಪಣ, ಅನ್ನಪಾನನಿರೋಧ ಎರಡನ್ನು ನಾವು ಎತ್ತು ಕುದುರೆಗಳಿಗೆ ಮಾತ್ರ ಹೇಳಿದ್ದೆಂಬಂತೆ ಓದುತ್ತೇವೆ. ದಿನಗೂಲಿಯವನ ಕೆಲಸ ನಿಂತರೆ ಅವನ ಮನೆಯಲ್ಲಿ ನಿಲ್ಲುವುದು ಅನ್ನವೇ ಅಲ್ಲವೇ? ಗೊತ್ತಾದ ದಿನಗಳ ಕೂಲಿಯನ್ನು ಅಂದೇ ಕೊಡಿಸಿ, ಆ ತಿಂಗಳು ಅಂಗಡಿಯ ಗೋದಾಮಿನ ದುರಸ್ತಿಗೆ ಅವರನ್ನೇ ಹಚ್ಚಿದೆವು. ಮಾಡದ ಕೆಲಸಕ್ಕೆ ಕೂಲಿಯೇ ಎಂದು ಮಗ ಕೇಳಿದ. ಕೊಡೋಣ, ಆದರೆ ದಾನದ ಬಾಬಿಗೆ ಬರೆ ಎಂದ ಸೋದರನ ಮಾತಿಗೂ ನಾನು ಒಪ್ಪಲಿಲ್ಲ. ಅದನ್ನು ಮನೆ ದುರಸ್ತಿಯ ಬಾಬಿಗೇ ಬರೆಸಿದೆ.

ಪುಷ್ಯದಲ್ಲಿ ಮರಿಗಳು ಹಾರಿದವು. ಮೂಗುಬಾಯಿಗೆ ಮಾಸ್ಕು, ಕಣ್ಣಿಗೆ ಕನ್ನಡಕ ಕೊಟ್ಟು, ಗಾಳಿಸಿದ ನೀರು ಚಿಮುಕಿಸುತ್ತ ತುಂಡುತುಂಡಾಗಿ ಇಳಿಸಿದರು. ನೀರಿನಲ್ಲಿಯೂ ಜೀವವಿಲ್ಲವೇ ಎಂದು ಒಬ್ಬ ಹಿರಿಯರು ಆಕ್ಷೇಪಿಸಿದರು. ಇದೆ, ಆದರೆ ಏಕೇಂದ್ರಿಯದ ಲೆಕ್ಕ ಹಿಡಿದು ಪಂಚೇಂದ್ರಿಯ ಮನುಷ್ಯನ ಎದೆಗೆ ಧೂಳು ತುಂಬುವುದು ಯಾವ ವಿವೇಕ?

ನಮ್ಮದು ಬರಿಯ ಜಿಪ್ಸಮ್. ಪರದೇಶಗಳ ಇಂಥ ಹಳೆಯ ಒರಟು ಛಾವಣಿಗಳಲ್ಲಿ ಆಸ್ಬೆಸ್ಟಾಸ್ ಬೆರೆಸುತ್ತಿದ್ದರು. ಅಮೆರಿಕೆಯಲ್ಲಿ ಅಲಂಕಾರಕ್ಕಾಗಿ ಅದನ್ನು ಸಿಂಪಡಿಸುವುದು 1978ರಲ್ಲಿ ನಿಷಿದ್ಧವಾಯಿತು. ನಮ್ಮಲ್ಲಿ ಅದು ಇರುವುದು ಹೆಚ್ಚಾಗಿ ಸಿಮೆಂಟ್ ತಗಡುಗಳಲ್ಲಿ, ಎಷ್ಟೋ ಬಸದಿಗಳ ಅಡುಗೆಮನೆ, ಯಾತ್ರಿನಿವಾಸಗಳ ಮೇಲೆ. ಅದರ ಸೂಕ್ಷ್ಮ ನಾರು ಶ್ವಾಸಕೋಶ ಹೊಕ್ಕರೆ ರೋಗ ದಶಕಗಳ ನಂತರ ಕಾಣಿಸಿಕೊಳ್ಳುತ್ತದೆ. ಅದಕ್ಕಾಗಿಯೇ 1995ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಆಸ್ಬೆಸ್ಟಾಸ್ ಕೆಲಸಗಾರರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ ಇಡಬೇಕೆಂದು ಆದೇಶಿಸಿತು. ವ್ಯಾಪಾರಿಗಳಾದ ನಾವು ಲೆಕ್ಕದ ಪುಸ್ತಕಗಳನ್ನು ಆರೆಂಟು ವರ್ಷ ಇಟ್ಟರೆ ಹೆಚ್ಚು.

ಜೀರ್ಣೋದ್ಧಾರ ಕೈಗೊಳ್ಳುವ ಟ್ರಸ್ಟಿನವರು ಅಂಥ ತಗಡನ್ನು ಒಡೆಯಗೊಡದೆ, ಕೊರೆಯಗೊಡದೆ, ತೋಯಿಸಿ ಇಡಿಯಾಗಿ ಇಳಿಸುವುದನ್ನು ತಿಳಿದವರಿಗೇ ಒಪ್ಪಿಸಲಿ. ಕಾಯುವ ದಿನಗಳ ಕೂಲಿ, ಧೂಳಿನಿಂದ ರಕ್ಷಣೆ ಇವೆರಡನ್ನೂ ಗುತ್ತಿಗೆಯ ಕರಾರಿನಲ್ಲಿ ಮೊದಲೇ ಬರೆದು ದರ ಕೇಳಲಿ. ದರ ಕೊಂಚ ಏರೀತು, ಏರಲಿ.