ಪುಟ್ಟಕ್ಕನ ಮೆಸ್ಸು, ಗುಲಾಬಿಯ ಟಿವಿ

ನಮ್ಮ ಕ್ಲಾಸಿನಲ್ಲಿ ಕೊರಿಯನ್ ಡ್ರಾಮಾ ನೋಡುವವರಿಗೆ ಮರ್ಯಾದೆ ಇದೆ, ವೆಬ್ ಸೀರೀಸ್ ನೋಡುವವರಿಗೂ ಇದೆ. ‘ನಾನು ಪುಟ್ಟಕ್ಕನ ಮಕ್ಕಳು ನೋಡ್ತೀನಿ’ ಎಂದರೆ ಮಾತ್ರ ನಗುತ್ತಾರೆ. ನಗಲಿ. 2021ರ ಡಿಸೆಂಬರಿನಲ್ಲಿ ಜೀ ಕನ್ನಡದಲ್ಲಿ ಈ ಸೀರಿಯಲ್ ಶುರುವಾದಾಗ ನಾನು ಹೈಸ್ಕೂಲಿನಲ್ಲಿದ್ದೆ. ಪಿಯುಸಿಗೆ ಬಂದರೂ ಬಿಟ್ಟಿಲ್ಲ.

ನೋಡದವರಿಗಾಗಿ ಎರಡು ಮಾತು. ಹುಟ್ಟಿದ ಮೂರೂ ಹೆಣ್ಣೇ ಎಂದು ಗಂಡ ಪುಟ್ಟಕ್ಕನನ್ನು ಬಿಟ್ಟು ಇನ್ನೊಂದು ಮದುವೆ ಮಾಡಿಕೊಂಡಿದ್ದಾನೆ. ಆಕೆ ಮೆಸ್ ನಡೆಸಿ, ಬಂದವರಿಗೆಲ್ಲ ಊಟ ಬಡಿಸಿ, ಮಕ್ಕಳನ್ನು ಓದಿಸುತ್ತಾಳೆ. ಪುಟ್ಟಕ್ಕನ ಪಾತ್ರ ಉಮಾಶ್ರೀ ಅವರದು. ಊರನ್ನು ನಡುಗಿಸುವ ಬಡ್ಡಿ ಬಂಗಾರಮ್ಮ ಮಂಜು ಭಾಷಿಣಿ. ಬಂಗಾರಮ್ಮ ಗದರಿದರೆ ನನಗೆ ಭಯ, ಅಮ್ಮಿಗೆ ನಗು. ಯಾಕೆಂದರೆ ಹಿಂದೆ ಈಟಿವಿಯ ‘ಸಿಲ್ಲಿ ಲಲ್ಲಿ’ಯಲ್ಲಿ ಸಮಾಜಸೇವಕಿ ಲಲಿತಾಂಬ ಆಗಿದ್ದವರೂ ಅವರೇ. ‘ಈಕೆ ಯಾರಿಗೆ ಹೊಡೆಯುತ್ತಾಳೆ ಬಿಡು, ಲಲಿತಾಂಬ ಅಲ್ವಾ’ ಎನ್ನುತ್ತಾರೆ ಅಮ್ಮಿ.

ನನ್ನ ಕೋಪ ಇರುವುದು 2024ರ ನವೆಂಬರಿನ ಎಪಿಸೋಡುಗಳ ಮೇಲೆ. ಎರಡನೆಯ ಮಗಳು ಸ್ನೇಹಾ ಹಠ ಹಿಡಿದು ಓದಿ ಡಿಸಿ ಆದಳು. ಅಷ್ಟರಲ್ಲೇ ಅವಳನ್ನು ಸಾಯಿಸಿಬಿಟ್ಟರು. ಆ ಪಾತ್ರ ಮಾಡುತ್ತಿದ್ದ ಸಂಜನಾ ಬುರ್ಲಿ ಅವರು ಮುಂದಿನ ಓದಿಗಾಗಿ ಸೀರಿಯಲ್ ಬಿಟ್ಟಿದ್ದೇ ಕಾರಣವಂತೆ. ಒಬ್ಬ ಹುಡುಗಿ ಓದಲು ಹೋದಳೆಂದು ಓದಿ ಮೇಲೆ ಬಂದ ಹುಡುಗಿಯನ್ನು ಸಾಯಿಸುವುದು ಯಾವ ನ್ಯಾಯ? ನಮ್ಮ ರಾಜ್ಯದಲ್ಲಿ ಡಿಸಿಗಳಿಗೆ ವರ್ಗಾವಣೆ ಎಂಬುದೊಂದು ಇದೆ. ಬೀದರಿಗೋ ಕೊಡಗಿಗೋ ಕಳಿಸಿ, ಆಗಾಗ ಅವ್ವನಿಗೆ ಫೋನ್ ಮಾಡಿಸಿದ್ದರೆ ಸಾಕಿತ್ತು. ಅದು ಬಿಟ್ಟು, ಅವಳ ಹೃದಯವನ್ನು ಇನ್ನೊಬ್ಬ ಹುಡುಗಿಗೆ ಕಸಿ ಮಾಡಿಸಿದರು. ಅವಳ ಹೆಸರೂ ಸ್ನೇಹಾ!

ಆದರೆ ಉಮಾಶ್ರೀ ಅಳುವಾಗ ನನ್ನ ತರ್ಕ ನಿಲ್ಲಲಿಲ್ಲ. ನಾವು ವಿಜಯನಗರದಲ್ಲಿ ಬಾಡಿಗೆಗೆ ಇದ್ದೇವೆ. ಪಕ್ಕದ ಮನೆ ಆಂಟಿ ಮೊದಲ ವಾರದಿಂದಲೂ ನಮ್ಮ ಮನೆಗೇ ಬಂದು ಈ ಸೀರಿಯಲ್ ನೋಡುವುದು. ಅವರ ಮನೆಯ ಟಿವಿಯಲ್ಲಿ ಅಂಕಲ್‌ಗೆ ನ್ಯೂಸ್ ಬೇಕು. ಸ್ನೇಹಾ ಇನ್ನಿಲ್ಲ ಎಂದಾಗ ಆಂಟಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಮ್ಮಿಯ ಬಾಯಿಂದ ತಾನಾಗಿಯೇ ‘ಇನ್ನಾ ಲಿಲ್ಲಾಹಿ’ ಬಂತು. ಒಂದು ನಿಮಿಷ ಎಲ್ಲರೂ ಸುಮ್ಮನಿದ್ದೆವು. ಆಮೇಲೆ ಆಂಟಿ, ‘ಅಲ್ಲಾರೀ, ಸೀರಿಯಲ್‌ನವಳಿಗೂ ಹೇಳ್ತೀರಾ?’ ಎಂದರು. ಅಳುತ್ತಿದ್ದವರೆಲ್ಲ ನಕ್ಕೆವು. ಅಂದು ನಾನೊಬ್ಬಳೇ ಫೋನಿನಲ್ಲಿ ನೋಡಿದ್ದರೆ ಬೈದು ಮುಂದಕ್ಕೆ ಓಡಿಸುತ್ತಿದ್ದೆ, ಅಷ್ಟೆ.

ಸೀರಿಯಲ್ ಶುರುವಾಗಿ ಎರಡು ತಿಂಗಳೂ ಆಗಿರಲಿಲ್ಲ, ಹಿಜಾಬಿನ ಗಲಾಟೆ ಎದ್ದಿತು. 2022ರ ಫೆಬ್ರವರಿ 8ರಂದು ಸರ್ಕಾರ ಹೈಸ್ಕೂಲು, ಕಾಲೇಜುಗಳಿಗೆ ಮೂರು ದಿನ ರಜೆ ಕೊಟ್ಟಿತು. ಆಗ ನಮ್ಮಕ್ಕ ಪಿಯುಸಿಯಲ್ಲಿದ್ದಳು. ಮನೆಯಲ್ಲಿ ಯಾರಿಗೂ ಮಾತು ಬೇಡವಾಗಿತ್ತು. ಇವತ್ತು ಆಂಟಿ ಬರಲಿಕ್ಕಿಲ್ಲ ಎಂದುಕೊಂಡು ಅಮ್ಮಿ ಟಿವಿಯನ್ನೇ ಹಾಕಿರಲಿಲ್ಲ. ಸೀರಿಯಲ್ ಹೊತ್ತಿಗೆ ಸರಿಯಾಗಿ ಆಂಟಿ ಬಂದರು, ತಮ್ಮ ಜಾಗದಲ್ಲೇ ಕೂತರು, ‘ರಿಮೋಟ್ ಎಲ್ಲಿ?’ ಎಂದರು. ಆ ವಿಷಯ ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಹೊರಡುವಾಗ ಅಕ್ಕನ ತಲೆ ಸವರಿ, ‘ಓದು ಬಿಡಬೇಡ ಕಣೇ’ ಎಂದರು.

ಅದೊಂದು ದೊಡ್ಡ ವಿಷಯ ಎಂದು ನನಗೆ ಗೊತ್ತಾದದ್ದು ‘ಗುಲಾಬಿ ಟಾಕೀಸ್’ ನೋಡಿದ ಮೇಲೆ. ವೈದೇಹಿಯವರ ಕತೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ 2008ರಲ್ಲಿ ಮಾಡಿದ ಸಿನಿಮಾ. ಅದರಲ್ಲೂ ಉಮಾಶ್ರೀ ಇದ್ದಾರೆ, ಅದಕ್ಕೆ ರಾಷ್ಟ್ರೀಯ ಪ್ರಶಸ್ತಿಯನ್ನೂ ಪಡೆದರು. ಕುಂದಾಪುರದ ಕಡೆಯ ಮೀನುಗಾರರ ಊರು, ಅಲ್ಲಿ ಸೂಲಗಿತ್ತಿ ಗುಲಾಬಿ. ನಮ್ಮವಳೇ, ಮುಸ್ಲಿಂ ಹೆಂಗಸು. ಅವಳ ಗಂಡನೂ ಇನ್ನೊಬ್ಬಳನ್ನು ಕಟ್ಟಿಕೊಂಡು ಇವಳನ್ನು ಬಿಟ್ಟವನೇ. ಸಿನಿಮಾ ಎಂದರೆ ಗುಲಾಬಿಗೆ ಪ್ರಾಣ. ಹೆರಿಗೆ ಮಾಡಿಸಿದ್ದಕ್ಕೆ ಉಡುಗೊರೆಯಾಗಿ ಅವಳಿಗೆ ಕಲರ್ ಟಿವಿ, ಡಿಶ್ ಆಂಟೆನಾ ಸಿಗುತ್ತದೆ. ಗಂಡಸರು ಕಡಲಿಗೆ ಹೋದ ಮೇಲೆ ಹೆಂಗಸರೆಲ್ಲ ಅವಳ ಮನೆಯಲ್ಲಿ ಸೇರುತ್ತಾರೆ. ಕೆಲವರು ಒಳಗೆ ಕೂತು ನೋಡುತ್ತಾರೆ, ಕೆಲವರು ಹೊರಗೇ ನಿಂತು ನೋಡುತ್ತಾರೆ, ಕೆಲವರು ಆ ಕಡೆ ಬರುವುದೇ ಇಲ್ಲ. 1999ರ ಕಾರ್ಗಿಲ್ ಯುದ್ಧದ ಹೊತ್ತಿಗೆ ಅನುಮಾನ ಊರೊಳಗೆ ಹೊಕ್ಕು, ಕೊನೆಗೆ ಗುಲಾಬಿ ಊರನ್ನೇ ಬಿಡಬೇಕಾಗುತ್ತದೆ.

ಪುಟ್ಟಕ್ಕನ ಮುಖವನ್ನೇ ಗುಲಾಬಿಯಲ್ಲಿ ನೋಡುತ್ತಾ ಅಮ್ಮಿ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಒಂದೇ ಮಾತು ಹೇಳಿದರು: ‘ಅವರು ಬರೋದು ನಿಲ್ಲಿಸಿದ್ರಲ್ಲ, ಅಲ್ಲೇ ಎಲ್ಲ ಕೆಟ್ಟಿದ್ದು.’

ನಮ್ಮ ಮನೆಯಂಥ ಮನೆ ಸೀರಿಯಲ್‌ಗಳಲ್ಲಿ ಅಪರೂಪ. ಅದು ನನ್ನ ದೂರು, ಇದ್ದೇ ಇದೆ. ಅಮ್ಮಿಯಂಥವಳೊಬ್ಬಳು ಪುಟ್ಟಕ್ಕನ ಮೆಸ್ಸಿನಲ್ಲಿ ಕೂತು ಊಟ ಮಾಡುವುದನ್ನು, ಬಂಗಾರಮ್ಮನ ಜೊತೆ ಬಡ್ಡಿ ಲೆಕ್ಕಕ್ಕೆ ಜಗಳವಾಡುವುದನ್ನು ನೋಡಬೇಕೆಂದು ನನಗೆ ಆಸೆ. ಅದನ್ನು ಬರೆಯುವವರು ಬರೆಯುವವರೆಗೆ, ಟಿವಿಯ ಈಚೆ ಬದಿಯ ಕತೆಯನ್ನಾದರೂ ನಾವು ಸರಿಯಾಗಿ ಇಟ್ಟುಕೊಳ್ಳಬಹುದು. ಈಗ ಎಪಿಸೋಡು ಫೋನಿನಲ್ಲೇ ಸಿಗುತ್ತದೆ, ಅದೂ ಬೇಡವಾದರೆ ಒಂದು ನಿಮಿಷದ ಪ್ರೋಮೊ ಸಾಕು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರೆ ಯಾರೂ ಯಾರ ಮನೆಗೂ ಹೋಗಬೇಕಿಲ್ಲ. ಜಗಳವೇ ಇಲ್ಲದೆ ಬರುವುದು ನಿಂತುಹೋಗುತ್ತದೆ. ನನಗೆ ಭಯ ಅದರದ್ದು.

ಹೊಸ ಸ್ನೇಹಾಳನ್ನು ಆಂಟಿ ಒಪ್ಪಿಕೊಂಡಿದ್ದಾರೆ, ‘ಹೃದಯ ಅದೇ ಅಲ್ವೇನೇ’ ಎನ್ನುತ್ತಾರೆ. ಅಮ್ಮಿ ಒಪ್ಪಿಲ್ಲ. ನಾನಂತೂ ಒಪ್ಪುವುದೇ ಇಲ್ಲ. ಎಪಿಸೋಡು ಮುಗಿದರೂ ನಮ್ಮ ಜಗಳ ಮುಗಿಯುವುದಿಲ್ಲ, ಚಹಾ ಎರಡನೇ ಸಲ ಕುದಿಯುತ್ತದೆ. ಗೆಳತಿಯರೇ, ಗೆಳೆಯರೇ, ಪರೀಕ್ಷೆ ಮುಗಿದ ಮೇಲೆ ‘ಗುಲಾಬಿ ಟಾಕೀಸ್’ ನೋಡಿ. ಒಬ್ಬರೇ ನೋಡಬೇಡಿ, ಪಕ್ಕದ ಮನೆಯವರನ್ನೂ ಕರೆಯಿರಿ.