ದೊಡ್ಡಪತ್ರೆಯ ಕುಂಡವೂ ಲೇಶ್ಯಾವೃಕ್ಷವೂ

ಶಿಡ್ಲಘಟ್ಟವೆಂದೊಡನೆ ನಾಡಿನ ಜನಕ್ಕೆ ನೆನಪಾಗುವುದು ರೇಷ್ಮೆಗೂಡಿನ ಮಾರುಕಟ್ಟೆ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರೂಪುಗೊಂಡ ಚಿಕ್ಕಬಳ್ಳಾಪುರ ಜಿಲ್ಲೆಯ ಈ ಪಟ್ಟಣದ ಸುತ್ತ ಹಿಪ್ಪುನೇರಳೆ ತೋಟಗಳು. ಒಳಗೆ ನೂಲು ಬಿಚ್ಚುವ ಮನೆಗಳು. ಗೂಡು ಬೇಯುವ ವಾಸನೆ ಇಲ್ಲಿನ ಬೀದಿಗಳಿಗೆ ಹೊಸತಲ್ಲ. ಇಂತಹ ಬೀದಿಯೊಂದರಲ್ಲಿ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರು ತಮ್ಮ ವೃದ್ಧ ತಾಯಿಯೊಡನೆ ವಾಸವಾಗಿದ್ದರು. ಹಾಸನದ ಕಡೆಯಿಂದ ಬಂದ ಆ ತಾಯಿ ವ್ರತನಿಷ್ಠ ಶ್ರಾವಕಿ. ಸೂರ್ಯಾಸ್ತದ ನಂತರ ಆಹಾರವಿಲ್ಲ, ಕಂದಮೂಲಗಳಿಲ್ಲ, ರೇಷ್ಮೆಯ ಊರಿನಲ್ಲಿ ಇಷ್ಟು ವರ್ಷವಿದ್ದೂ ಒಮ್ಮೆಯೂ ರೇಷ್ಮೆ ಸೀರೆ ಉಟ್ಟವರಲ್ಲ. ಅವರ ಜಗಲಿಯ ಮೇಲಿದ್ದುದು ಒಂದು ದೊಡ್ಡಪತ್ರೆಯ ಕುಂಡ.

ಕೆಮ್ಮು ನೆಗಡಿಗಳಿಗೆ ಆ ಎಲೆಯನ್ನು ಕೆಂಡದ ಮೇಲೆ ಬಾಡಿಸಿ ರಸ ಹಿಂಡಿ ಕೊಡುವುದು ಆ ಮನೆಯ ವಾಡಿಕೆ. ಅನೇಕರ ಮನೆಗಳಲ್ಲಿ ಅದಕ್ಕೆ ಜೇನು ಬೆರೆಸುತ್ತಾರೆ. ಇವರು ಬೆಲ್ಲ ಬೆರೆಸುತ್ತಿದ್ದರು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಉಗ್ರಾದಿತ್ಯಾಚಾರ್ಯರು ತಮ್ಮ ‘ಕಲ್ಯಾಣಕಾರಕ’ದಲ್ಲಿ ಮದ್ಯ, ಮಾಂಸ, ಮಧುಗಳನ್ನು ಬಿಟ್ಟು ವೈದ್ಯವನ್ನು ನಿರೂಪಿಸಿದರೆಂದು ಅಧ್ಯಾಪಕರು ತರಗತಿಯಲ್ಲಿ ಪಾಠ ಹೇಳಿದ್ದರು. ಅದೇ ಶಾಸ್ತ್ರ ಹೆಸರಿಲ್ಲದೆ ತಮ್ಮ ಅಡುಗೆಮನೆಯಲ್ಲಿ ನಡೆಯುತ್ತಿದ್ದುದನ್ನು ಅವರು ಗಮನಿಸಿದ್ದು ತಡವಾಗಿ.

ಒಂದು ಬೇಸಿಗೆಯಲ್ಲಿ ಗಿಡ ಸೊರಗತೊಡಗಿತು. ಅಂಗೈಯಗಲದ ಎಲೆಗಳು ಹೋಗಿ ಬೊಟ್ಟಿನಷ್ಟು ಎಲೆಗಳು ಬಂದವು. ಬುಡದವು ಹಳದಿಯಾಗಿ ಉದುರಿದವು. ಬೆಳಿಗ್ಗೆ ಎರೆದ ನೀರು ಮಣ್ಣಿನಲ್ಲಿ ಇಂಗದೆ ಕುಂಡದ ಗೋಡೆಯ ಪಕ್ಕದಿಂದಲೇ ಇಳಿದು ಕೆಳಗಿನ ತೂತಿನಿಂದ ಹರಿದುಹೋಗುತ್ತಿತ್ತು. ಸಂಜೆಗೆ ಗಿಡ ಮತ್ತೆ ಜೋಲುತ್ತಿತ್ತು. ಮಗ ನೀರು ಸಾಲದೆಂದು ಎರಡು ಹೊತ್ತು ಎರೆದರು. ಗೊಬ್ಬರ ಸಾಲದೆಂದು ನೆರೆಯವರಿಂದ ರೇಷ್ಮೆಹುಳುವಿನ ಹಿಕ್ಕೆಯ ಗೊಬ್ಬರ ತಂದು ಹಾಕಿದರು. ಫಲ ಕಾಣಲಿಲ್ಲ. ಒಂದು ದಿನ ತಾಯಿ ಕುಂಡವನ್ನು ಓರೆಮಾಡಿಸಿ ತೂತನ್ನು ತೋರಿಸಿದರು. ಅಲ್ಲಿ ಬೇರುಗಳು ಹೊರಬಂದು ಜಗಲಿಯ ಕಲ್ಲಿನ ಸಂದನ್ನು ಹುಡುಕುತ್ತಿದ್ದವು.

ನೆರೆಯ ನೂಲು ಬಿಚ್ಚುವವರು ಹಿಪ್ಪುನೇರಳೆಯ ಅನುಭವಸ್ಥರು. ಮೂರು ನಾಲ್ಕು ಕಣ್ಣುಗಳಿರುವ ಕಡ್ಡಿಯನ್ನು ಮಡಿಯಲ್ಲಿ ನೆಟ್ಟು, ಬೇರೂರಿದ ಮೇಲೆ ಕಿತ್ತು ತೋಟಕ್ಕೆ ಸಾಗಿಸುವುದನ್ನು ಬಾಲ್ಯದಿಂದ ಕಂಡವರು. “ಇದಕ್ಕೇಕೆ ಇಷ್ಟು ಯೋಚನೆ ಮೇಷ್ಟ್ರೇ? ಒಂದು ಕಡ್ಡಿ ಮುರಿದು ಬೇರೆ ಕುಂಡದಲ್ಲಿ ಚುಚ್ಚಿ, ಹತ್ತಿಕೊಳ್ಳುತ್ತದೆ. ಹಳೆಯದನ್ನು ಎಸೆಯಿರಿ,” ಎಂದರು. ತೋಟಗಾರಿಕೆಯ ದೃಷ್ಟಿಯಿಂದ ಆ ಮಾತು ಸರಿಯೇ. ಆದರೆ ತಾಯಿ ಒಪ್ಪಲಿಲ್ಲ. ಎಸೆಯುವುದಕ್ಕೂ ಒಪ್ಪಲಿಲ್ಲ, ಬೇರನ್ನು ಕೆದಕುವುದಕ್ಕೂ ಒಪ್ಪಲಿಲ್ಲ.

ಅವರ ಮನಸ್ಸಿನಲ್ಲಿದ್ದುದು ಬಸದಿಯಲ್ಲಿ ಕಂಡ ಲೇಶ್ಯಾವೃಕ್ಷದ ಚಿತ್ರ. ಹಸಿದ ಆರು ಪಥಿಕರು ಫಲಭರಿತ ವೃಕ್ಷವೊಂದನ್ನು ಕಾಣುತ್ತಾರೆ. ಒಬ್ಬನು ಬೇರುಸಹಿತ ಕಿತ್ತುಬಿಡೋಣವೆನ್ನುತ್ತಾನೆ; ಇನ್ನೊಬ್ಬನು ಕಾಂಡವನ್ನು, ಮತ್ತೊಬ್ಬನು ಕೊಂಬೆಯನ್ನು, ಮಗದೊಬ್ಬನು ರೆಂಬೆಯನ್ನು ಕಡಿಯಬಯಸುತ್ತಾನೆ; ಐದನೆಯವನಿಗೆ ಹಣ್ಣು ಕಿತ್ತರೆ ಸಾಕು; ಆರನೆಯವನು ನೆಲಕ್ಕೆ ಬಿದ್ದುದನ್ನು ಆರಿಸಿಕೊಳ್ಳುತ್ತಾನೆ. ಕೃಷ್ಣಲೇಶ್ಯೆಯಿಂದ ಶುಕ್ಲಲೇಶ್ಯೆಯವರೆಗಿನ ಭಾವಗಳಿಗೆ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ‘ಗೊಮ್ಮಟಸಾರ’ದಲ್ಲಿ ಕೊಟ್ಟ ದೃಷ್ಟಾಂತವಿದು. ಆ ಗ್ರಂಥಕ್ಕೆ 1359ರಲ್ಲಿ ಕೇಶವಣ್ಣನು ಕನ್ನಡ ವೃತ್ತಿ ರಚಿಸಿದನು. “ಬೇರಿಗೆ ಕೈಹಾಕುವವನು ಮೊದಲನೆಯವನಲ್ಲವೇನಪ್ಪಾ?” ಎಂಬುದು ತಾಯಿಯ ಪ್ರಶ್ನೆ.

ಮಗ ಗ್ರಂಥವನ್ನು ಮತ್ತೆ ತೆರೆದರು. ಅದೇ ಜೀವಕಾಂಡದಲ್ಲಿ ವನಸ್ಪತಿಯ ವಿಚಾರವಿದೆ. ಒಂದು ಶರೀರಕ್ಕೆ ಒಂದೇ ಜೀವವಿರುವುದು ಪ್ರತ್ಯೇಕ. ಒಂದೇ ಶರೀರವನ್ನು ಅನಂತ ಜೀವಗಳು ಹಂಚಿಕೊಂಡಿರುವುದು ಸಾಧಾರಣ. ಸಿರೆ, ಸಂಧಿ, ಗಿಣ್ಣುಗಳು ಹೊರಗೆ ಕಾಣದಿರುವುದು, ಮುರಿದರೆ ಸಮನಾಗಿ ತುಂಡಾಗುವುದು, ನಾರಿಲ್ಲದಿರುವುದು, ಕತ್ತರಿಸಿದರೂ ಮತ್ತೆ ಚಿಗುರುವುದು ಸಾಧಾರಣದ ಲಕ್ಷಣಗಳು. ಅಧ್ಯಾಪಕರು ಕುಂಡದ ಮುಂದೆ ಕುಳಿತು ನೋಡಿದರು. ದೊಡ್ಡಪತ್ರೆಯ ಎಳೆಯ ಕುಡಿ ಲಟ್ಟನೆ ಸಮನಾಗಿ ಮುರಿಯುತ್ತದೆ, ಚುಚ್ಚಿದಲ್ಲಿ ಚಿಗುರುತ್ತದೆ. ಬುಡದ ಕಾಂಡವಾದರೋ ಬಲಿತು, ಗಿಣ್ಣುಗಟ್ಟಿ, ನಾರು ತುಂಬಿಕೊಂಡಿತ್ತು. ಸುಲಭವೆಂದು ತೋರಿದ ಕುಡಿ ಮುರಿಯುವ ಉಪಾಯವೇ ಶಾಸ್ತ್ರದ ಲೆಕ್ಕದಲ್ಲಿ ಹೆಚ್ಚು ಭಾರವಾಗಬಹುದು ಎಂಬುದು ಅವರಿಗೆ ಆಗ ಹೊಳೆಯಿತು. ಶತಮಾನಗಳ ಹಿಂದಿನ ಆ ಗಾಥೆಯ ಹಿಂದೆ ಗಿಡಗಳನ್ನು ಮುಟ್ಟಿ ನೋಡಿದ ಕಣ್ಣು ಕೈಗಳಿದ್ದವೆಂಬುದೂ ಹೊಳೆಯಿತು.

ಆದರೂ ತಾಯಿಯ ಪ್ರಶ್ನೆಗೆ ಅದು ಉತ್ತರವಾಗಲಿಲ್ಲ. ಉತ್ತರವನ್ನು ಕಂಡವರು ತಾಯಿಯೇ. ಪ್ರತಿಕ್ರಮಣದ ವೇಳೆ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಎಣಿಸುವುದು ಅವರ ನಿತ್ಯದ ರೂಢಿ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು ಮೊದಲನೆಯದು, ಅನ್ನನೀರು ತಡೆಯುವುದು ಕೊನೆಯದು. ಇವು ಮುಖ್ಯವಾಗಿ ಮನೆಯ ಆಳುಕಾಳು, ದನಕರುಗಳನ್ನು ಕುರಿತವು. ಏಕೇಂದ್ರಿಯ ಜೀವಕ್ಕೆ ಅನ್ವಯಿಸಿ ಹೇಳಿದವಲ್ಲ. ಒಂದು ಸಂಜೆ ಅವರು ಎಣಿಕೆಯನ್ನು ಮುಗಿಸಿ ಮಗನನ್ನು ಕರೆದರು. “ನೆಲದಲ್ಲಿದ್ದರೆ ಅದು ತನ್ನ ದಾರಿ ತಾನು ನೋಡಿಕೊಳ್ಳುತ್ತಿತ್ತು. ಕುಂಡದಲ್ಲಿ ಕೂರಿಸಿದವರು ನಾವು. ನೀರು ಎರೆದರೂ ಅದಕ್ಕೆ ದಕ್ಕುತ್ತಿಲ್ಲ. ಕೈ ಕಟ್ಟಿ ಕೂತರೆ ದೋಷ ತಪ್ಪಿತೇ? ಮಳೆ ಬೀಳಲಿ, ಬಿಡಿಸಿಬಿಡು.”

ಪ್ರಮಾದದಿಂದ ಪ್ರಾಣಕ್ಕೆ ಕೇಡು ಮಾಡುವುದೇ ಹಿಂಸೆಯೆಂಬ ಉಮಾಸ್ವಾತಿಗಳ ಲಕ್ಷಣವನ್ನು ಅಧ್ಯಾಪಕರು ಎಷ್ಟೋ ಬಾರಿ ವಿವರಿಸಿದ್ದರು. ಪ್ರಮಾದವೆಂದರೆ ಅವಸರದ ಕೈ ಮಾತ್ರವೆಂದು ಅವರು ತಿಳಿದಿದ್ದರು. ಮುಟ್ಟದೆ ಉಳಿದ ಕೈಯೂ ಅದರಲ್ಲಿ ಸೇರಬಹುದೆಂದು ಅವರಿಗೆ ಹೇಳಿಕೊಟ್ಟವರು ಶಾಲೆಗೆ ಹೋಗದ ತಾಯಿ.

ಕಾಲವನ್ನು ಗೊತ್ತುಮಾಡಿದವರೂ ಅವರೇ. ಆಷಾಢದಲ್ಲಿ ಚಾತುರ್ಮಾಸ ಆರಂಭವಾದರೆ ಮಣ್ಣಿನಲ್ಲಿ ಜೀವಸಂಚಾರ ಹೆಚ್ಚು. ಅದಕ್ಕೆ ಮೊದಲು, ಬಿಸಿಲು ತಗ್ಗಿದ ಜ್ಯೇಷ್ಠದಲ್ಲಿ, ಅಷ್ಟಮಿ ಚತುರ್ದಶಿಗಳಲ್ಲದ ದಿನ. ಗಿಡವು ಹೊಸ ಬೇರು ಬಿಡಲು ಬಯಲುಸೀಮೆಯಲ್ಲಿ ಅದೇ ತಕ್ಕ ಸಮಯ. ಹೊಸ ಕುಂಡ ಹಳೆಯದಕ್ಕಿಂತ ಎರಡು ಬೆರಳಗಲ ಮಾತ್ರ ದೊಡ್ಡದಿರಬೇಕು. ತೀರ ದೊಡ್ಡದಾದರೆ ಬೇರು ತಲುಪದ ಮಣ್ಣಿನಲ್ಲಿ ನೀರು ನಿಂತು ಬುಡ ಕೊಳೆಯುತ್ತದೆ. ದಪ್ಪ ಎಲೆಗಳಲ್ಲಿ ನೀರನ್ನು ಕೂಡಿಡುವ ದೊಡ್ಡಪತ್ರೆಗೆ ಒಣಗುವುದಕ್ಕಿಂತ ಕೊಳೆಯುವುದೇ ದೊಡ್ಡ ಭಯ. ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಗಳನ್ನು ಬೆರೆಸಿ, ತೂತಿನ ಮೇಲೆ ಹೆಂಚಿನ ಚೂರನ್ನಿಟ್ಟರು. ಮಣ್ಣು ಹಿಡಿದುಕೊಳ್ಳಲೆಂದು ಹಿಂದಿನ ಸಂಜೆಯೇ ನೀರೆರೆದಿದ್ದರು.

ಮರುದಿನ ಇಳಿಹೊತ್ತಿನಲ್ಲಿ ಬುಡವನ್ನು ಬೆರಳುಗಳ ನಡುವೆ ಹಿಡಿದು ಕುಂಡವನ್ನು ತಲೆಕೆಳಗು ಮಾಡಿ ಅಂಚನ್ನು ತಟ್ಟಿದಾಗ ಮಣ್ಣಿನ ಮುದ್ದೆ ಕುಂಡದ ಆಕಾರದಲ್ಲೇ ಕೈಗೆ ಬಂದಿತು. ಅದರಲ್ಲಿ ಮಣ್ಣಿಗಿಂತ ಬೇರೇ ಹೆಚ್ಚು. ಸುತ್ತಿ ಸುತ್ತಿ ಹಗ್ಗವಾಗಿತ್ತು. ತಳದಲ್ಲಿ ಎರಡು ಎರೆಹುಳುಗಳಿದ್ದವು. ತಾಯಿ ಅವನ್ನು ಎಲೆಯೊಂದರ ಮೇಲೆ ತೆಗೆಸಿ ಹೊಸ ಮಣ್ಣಿಗೆ ಬಿಡಿಸಿದ ನಂತರವೇ ಕೆಲಸ ಮುಂದುವರಿಯಿತು. ಸುತ್ತಿಕೊಂಡ ಬೇರುಗಳನ್ನು ಬೆರಳಿನಿಂದ ಸಡಿಲಿಸಿ, ಕಂದಾಗಿ ಸತ್ತವನ್ನು ಮಾತ್ರ ಬಿಡಿಸಿ, ಬಿಳಿಯವನ್ನು ಉಳಿಸಿ, ಮೊದಲಿದ್ದ ಆಳದಲ್ಲೇ ಗಿಡವನ್ನು ನಿಲ್ಲಿಸಿದರು. ಒಂದು ವಾರ ನೆರಳು, ಹದವಾಗಿ ನೀರು, ಹೊಸ ಗೊಬ್ಬರವಿಲ್ಲ.

ಮೊದಲ ನಾಲ್ಕು ದಿನ ಗಿಡ ಇನ್ನಷ್ಟು ಬಾಡಿತು. ಮಗನಿಗೆ ಪಶ್ಚಾತ್ತಾಪ; ತಾಯಿ ಮಾತಾಡಲಿಲ್ಲ. ಎರಡನೆಯ ವಾರದ ಕೊನೆಗೆ ತುದಿಯಲ್ಲಿ ಜೋಡಿ ಎಲೆಗಳು ತೆರೆದವು. ಅಷ್ಟರಲ್ಲಿ ಚಾತುರ್ಮಾಸ ಬಂದಿತು; ಹಸಿ ಸೊಪ್ಪು ಬಿಟ್ಟ ತಾಯಿಗೆ ಆ ಎಲೆಗಳಿಂದ ಆಗಬೇಕಾದುದೇನೂ ಇರಲಿಲ್ಲ. ಪಕ್ಕದ ಮನೆಯಲ್ಲಿ ಎಂದಿನಂತೆ ಗೂಡು ಬೇಯುತ್ತಿತ್ತು. ಆ ಬಗ್ಗೆ ಅವರು ನೆರೆಯವರಿಗೆ ಎಂದೂ ಏನನ್ನೂ ಹೇಳಿದವರಲ್ಲ. ಮಳೆಗಾಲದಲ್ಲಿ ಆ ಮನೆಯ ಮಗುವಿಗೆ ಕೆಮ್ಮು ಬಂದಾಗ ಎಲೆ ಕೇಳಿ ಬಂದರು. ತಾಯಿ ಕುಂಡದ ಬಳಿಗೆ ಹೋಗಿ ಬುಡದಲ್ಲಿ ಬಲಿತ ಎರಡು ಎಲೆಗಳನ್ನು ತೋರಿಸಿ, “ಇವಷ್ಟೇ ಸಾಕು,” ಎಂದರು.